ಮೂರನೆಯ ಪಿಸ್ಟನ್

ಮದ್ದೂರು
೧೬ ಫೆಬ್ರವರಿ ೧೯೩೬

ಮಗಳೇ ಶ್ರೀಮತಿ,

ಹೈಸ್ಕೂಲಿನಲ್ಲಿದ್ದಾಗ ನಿನ್ನ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ನೀನೊಂದು ಸಾಲು ಬರೆದಿದ್ದೆ: ‘ನಿಂತ ನೀರಿಗೂ ನೆನಪಿದೆ ಹರಿದ ಹಾದಿ.’ ಮುಂದಿನ ಸಾಲು ನನಗೆ ಮರೆತಿದೆ. ಇದಾದರೂ ಹೀಗೆಯೇ ಇತ್ತೋ ಇಲ್ಲವೋ. ನೀರೇನೋ ಸರಿ, ಇಳಿಜಾರು ಸಿಕ್ಕರೆ ತಾನೇ ಹೊರಡುತ್ತದೆ. ಕಬ್ಬಿಣ ನಿಂತರೆ ಯಾರಾದರೂ ಕೈ ಹಾಕಿ ಬಿಡಿಸಬೇಕು. ಮನುಷ್ಯರು ಎರಡರಲ್ಲಿ ಯಾವ ಜಾತಿಯೋ ಎಂದು ಹದಿನೈದು ದಿನದಿಂದ ಯೋಚಿಸುತ್ತಿದ್ದೇನೆ.

ನಿಮ್ಮ ತಂದೆಯವರ ಕಾರಿನ ವಿಷಯ ಬರೆಯಬೇಕು. ಅವರು ತೀರಿಕೊಂಡ ವರ್ಷ ದೀಪಾವಳಿಯ ಹೊತ್ತಿಗೆ ಅದರ ಎಂಜಿನ್ನು ಹೊರಡಿಸುವ ಹ್ಯಾಂಡಲ್ಲು ಒಂದಿಷ್ಟೂ ತಿರುಗದೆ ನಿಂತುಹೋಯಿತಲ್ಲ. ದಸರೆಗೆ ಮುಂಚೆ ಕೊನೆಯ ಸಲ ಕಿರುಗಾವಲಿನಿಂದ ಬರುವಾಗ ಡ್ರೈವರ್ ಮರಿಸಿದ್ದಯ್ಯ ಎಣ್ಣೆ ನೋಡದೆ ಓಡಿಸಿ ಎಂಜಿನ್ನು ಕಚ್ಚಿಸಿದ ಎಂದು ಊರಿಗೆಲ್ಲ ಹೇಳಿ ನಾನು ಅವನನ್ನು ಕೆಲಸದಿಂದ ಬಿಡಿಸಿದೆ. ಅವನು ಅಂಥವನಲ್ಲ ಎಂದು ನೀನು ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದೆ. ಆಮೇಲೆ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಎರಡು ವರ್ಷದ ಮೇಲಾಯಿತು, ಕೊತ್ತತ್ತಿಯಲ್ಲಿ ಕಬ್ಬು ಕಡಿಯುತ್ತಿದ್ದ.

ಹೋದ ತಿಂಗಳು ಅವನೇ ಬಂದ. ಮಳವಳ್ಳಿಯ ಪುಟ್ಟಮಾದಯ್ಯನವರು ತಮ್ಮ ಬಸ್ಸಿಗೆ ಡ್ರೈವರನ್ನು ಹುಡುಕುತ್ತಿದ್ದಾರಂತೆ. ಡಾಕ್ಟರ ಮನೆಯಿಂದ, ಎಂದರೆ ನಮ್ಮಿಂದ, ಒಂದು ಒಳ್ಳೆಯ ಮಾತಿನ ಕಾಗದ ತಂದರೆ ಸೇರಿಸಿಕೊಳ್ಳುವೆ ಎಂದಿದ್ದಾರಂತೆ. ಆದರೆ ಅವನು ಕಾಗದ ಕೇಳಲಿಲ್ಲ. “ಕಾಗ್ಜ ಆಮ್ಯಾಕೆ ಅಮ್ಮಾವ್ರೆ. ಮೊದ್ಲು ಎಂಜಿನ್ ಬಿಚ್ತೀನಿ. ಎಣ್ಣೆ ಇಲ್ದೆ ಕಚ್ಚಿದ್ರೆ ನಾನೇ ಒಪ್ಕತ್ತೀನಿ” ಅಂದ. ಬೇಡ ಎನ್ನಲು ಹೇಳಿಕೊಳ್ಳುವಂಥ ಕಾರಣ ನನ್ನಲ್ಲಿರಲಿಲ್ಲ.

ಬಿಚ್ಚಿದ ಬೋಲ್ಟುಗಳನ್ನೆಲ್ಲ ಅದೇ ಕ್ರಮದಲ್ಲಿ ಬಾಳೆಲೆಯ ಮೇಲೆ ಜೋಡಿಸಿದ. ನಿನ್ನ ಮೆಡಿಕಲ್ ಕಾಲೇಜಿನ ಮೇಷ್ಟ್ರುಗಳು ನೋಡಬೇಕಿತ್ತು. ಎಂಜಿನ್ನಿನ ಮೇಲ್ಮುಚ್ಚಳ ಎತ್ತಿದಾಗ ನಾಲ್ಕು ಪಿಸ್ಟನ್ನುಗಳಲ್ಲಿ ಮೂರಕ್ಕೆ ಇನ್ನೂ ಎಣ್ಣೆಯ ಜಿಡ್ಡಿತ್ತು. ಮುಂದಿನಿಂದ ಎಣಿಸಿದರೆ ಮೂರನೆಯದು ಮಾತ್ರ ತನ್ನ ಕೊಳವೆಯಲ್ಲಿ ತುಕ್ಕು ಹಿಡಿದು ಬೆಸೆದುಕೊಂಡಿತ್ತು. ಅದರ ನೆತ್ತಿಯ ಮೇಲೆ ಏಳೆಂಟು ಅಕ್ಕಿಕಾಳು, ಕಪ್ಪಾಗಿ.

ಮರಿಸಿದ್ದಯ್ಯ ಒಂದು ಕಾಳನ್ನು ಉಗುರಿನಿಂದ ಎತ್ತಿ ನೋಡಿದ. ಆಮೇಲೆ ನನ್ನ ಮುಖ ನೋಡಿದ. “ಇಲಿ ತಂದಿರ್ಬೇಕು ಬುಡಿ ಅಮ್ಮಾವ್ರೆ. ಸೆಡ್ನಲ್ಲಿ ಬಾಳ ಕಾಟ” ಅಂದ.

ಮುಚ್ಚಿದ ಎಂಜಿನ್ನಿನೊಳಗೆ ಇಲಿ ಹೋಗುವುದಿಲ್ಲ ಎಂಬುದು ನನಗಿಂತ ಅವನಿಗೆ ಚೆನ್ನಾಗಿ ಗೊತ್ತು. ಕಳೆದುಕೊಂಡ ತನ್ನ ಹೆಸರು ಕೈಗೆ ಸಿಕ್ಕ ಗಳಿಗೆಯಲ್ಲಿ ಆ ಮನುಷ್ಯ ನನ್ನ ಹೆಸರನ್ನು ಕಾಯುತ್ತಿದ್ದ. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಎಲ್ಲ ಹೇಳಿಬಿಟ್ಟೆ.

ಸಾವಾದ ಮನೆಯಲ್ಲಿ ವರ್ಷ ತುಂಬುವತನಕ ಹಬ್ಬವಿಲ್ಲ. ಆದರೆ ಪ್ರತಿ ಆಯುಧಪೂಜೆಗೆ ನಿಮ್ಮ ತಂದೆ ಕಾರಿನ ಎಂಜಿನ್ನಿನಿಂದ ಒಂದು ಪ್ಲಗ್ಗು ಬಿಚ್ಚಿ ತಂದು, ಇಡೀ ಕಾರಿನ ಪರವಾಗಿ ಅದನ್ನು ದೇವರ ಮುಂದೆ ಮಣೆಯ ಮೇಲಿಡುತ್ತಿದ್ದರು. ಆ ಸಲ ಕಾರು ಯಾರಿಗೂ ಬೇಡವಾದಂತೆ ನಿಂತಿದ್ದುದನ್ನು ನೋಡಲಾಗಲಿಲ್ಲ. ಮಧ್ಯಾಹ್ನ ನೀವೆಲ್ಲ ಮಲಗಿದ್ದಾಗ ಷೆಡ್ಡಿನ ಬಾಗಿಲು ಹಾಕಿಕೊಂಡು ಪ್ಲಗ್ಗು ಬಿಚ್ಚಿದೆ, ಅಕ್ಷತೆ ಹಾಕಿದೆ, ಎಂಜಿನ್ನಿಗೆ ಒಂದು ಚೊಂಬು ಎಳನೀರು ಎರೆದೆ. ಪ್ಲಗ್ಗು ಬಿಚ್ಚಿದ ತೂತಿಗೆ ಅವರು ಬಟ್ಟೆ ತುರುಕುತ್ತಿದ್ದುದು ನನಗೆ ಹೊಳೆಯಲೇ ಇಲ್ಲ. ಕಾಳೂ ನೀರೂ ಆ ತೂತಿನಿಂದಲೇ ಒಳಗಿಳಿದಿರಬೇಕು.

ಗೊತ್ತಿಲ್ಲದೆ ಅವನನ್ನು ದೂರಿದೆ ಎಂದು ಬರೆಯಬಹುದಿತ್ತು. ಅರ್ಧ ಗೊತ್ತಿತ್ತು, ಶ್ರೀಮತಿ. ಹ್ಯಾಂಡಲ್ಲು ತಿರುಗದ ದಿನವೇ ನನಗೆ ಆ ಚೊಂಬು ನೆನಪಾಗಿತ್ತು. ಸೂತಕದ ವರ್ಷ ಪೂಜೆ ಮಾಡಿದಳು ಎನ್ನಿಸಿಕೊಳ್ಳುವ ಹೆದರಿಕೆಗೆ ಒಬ್ಬ ಮನುಷ್ಯನ ಅನ್ನ ಕಿತ್ತುಕೊಂಡೆ.

ಅವನು ಬಾಳೆಲೆಯ ಮೇಲಿನ ಬೋಲ್ಟೊಂದನ್ನು ನೇರ ಮಾಡಿಟ್ಟ. ಆಮೇಲೆ, “ಕಾರ್ಗೆ ಒಂದ್ ಚೊಂಬು ಎಳ್ನೀರು. ಆರ್ ವರ್ಸ ನಿಮ್ ಗಾಡಿ ಓಡ್ಸುದ್ರೂ ನಂಗ್ ಒಂದ್ ಲೋಟಾನೂ ಸಿಕ್ನಿಲ್ಲ” ಅಂದ. ನಗಲಿಲ್ಲ. ಆದರೆ ಸ್ಪ್ಯಾನರು ಎತ್ತಿಕೊಂಡ.

ಸೀಮೆಎಣ್ಣೆಗೆ ಹರಳೆಣ್ಣೆ ಬೆರೆಸಿ ಹುಯ್ದು ನೆನೆಸಿದ. ದಿನವೂ ಬೆಳಿಗ್ಗೆ ಕೊತ್ತತ್ತಿಯಿಂದ ಬಂದು, ಜಾಲಿಮರದ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದ. ಇನ್ನಷ್ಟು ಜೋರಾಗಿ ಹೊಡೆಯಬಾರದೇ ಎಂದೆ. “ಸಿಟ್ನಲ್ಲಿ ಒಡುದ್ರೆ ಕೊಳ್ವೆನೇ ಸೀಳ್ತದೆ. ಸಿಟ್ಟಿಲ್ದಿರೋ ದಿನ ನೋಡ್ಕಂಡು ಒಡೀಬೇಕು” ಅಂದ. ಒಂಬತ್ತನೆಯ ದಿನ ಅದು ಭತ್ತದ ಕಾಳಿನಷ್ಟು ಇಳಿಯಿತು. ಮರುದಿನ ಹೊರಗೇ ಬಂತು, ರಿಂಗುಗಳೆಲ್ಲ ಪುಡಿಯಾಗಿ. ಅವನೇ ಮೈಸೂರಿಗೆ ಹೋಗಿ, ಬಿಚ್ಚಿ ಮಾರುತ್ತಿದ್ದ ಇಂಥದೇ ಕಾರಿನ ಪಿಸ್ಟನ್ನು ಹುಡುಕಿ ತಂದ. ಕೊಳವೆಯ ಒಳಗೋಡೆ ಉಜ್ಜಿ ನುಣುಪು ಮಾಡಿ ಕೂರಿಸಿದ. ನಿನ್ನೆ ಹ್ಯಾಂಡಲ್ಲಿನ ನಾಲ್ಕನೆಯ ಸುತ್ತಿಗೆ ಕಾರು ಕೆಮ್ಮಿತು, ಷೆಡ್ಡು ತುಂಬ ಹೊಗೆ ಬಿಟ್ಟಿತು, ಆಮೇಲೆ ನಿಲ್ಲದೆ ಓಡಿತು. ಅವನು ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟುಕೊಂಡು ನಿಂತಿದ್ದ.

ಪುಟ್ಟಮಾದಯ್ಯನವರಿಗೆ ಕಾಗದ ಬರೆದೆ. ಪೂಜೆಯ ವಿಷಯ ಬಿಟ್ಟುಬಿಡಿ ಎಂದು ಮರಿಸಿದ್ದಯ್ಯ ಎರಡು ಸಲ ಹೇಳಿದ. ಅದನ್ನು ಬಿಟ್ಟರೆ ಅವನ ಮೇಲಿನ ಅನುಮಾನ ಪೂರ್ತಿ ಹೋಗುವುದಿಲ್ಲ. ಎಲ್ಲ ಬರೆದು ರುಜು ಹಾಕಿ ಅವನ ಕೈಗೇ ಕೊಟ್ಟೆ. ಬಸ್ಸಿನವರ ಕೈಗೆ ಸಿಕ್ಕ ಸುದ್ದಿ ಮದ್ದೂರಿಗೆ ಬರಲು ಎಷ್ಟು ಹೊತ್ತು? ಹೆದರಿಕೆಯಿದೆ. ಆದರೂ ಇವತ್ತು ಊಟ ರುಚಿಸಿತು.

ಪರೀಕ್ಷೆ ಮುಗಿಸಿ ಬಾ. ಕಾರು ನಿನ್ನದು.

ನಿನ್ನ ಅಮ್ಮ,
ಪಂಕಜಮ್ಮ

ತಾ.ಕ.: ಈ ಕಾಗದ ಅಂಚೆಗೆ ಹಾಕದೆ ಒಂದು ದಿನ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಮರಿಸಿದ್ದಯ್ಯ ನಾಳೆಯಿಂದ ಮಳವಳ್ಳಿ ಬಸ್ಸು ಓಡಿಸುತ್ತಾನೆ. ಸುದ್ದಿಯೂ ಬಂತು. ಈಗ ತಾನೆ ಪಕ್ಕದ ಮನೆಯ ಹೊಂಬಾಳಮ್ಮ ಬಾಗಿಲಿಗೆ ಬಂದು, ಸೂತಕದ ವರ್ಷ ನಾನು ಕಾರಿಗೆ ಪೂಜೆ ಮಾಡಿದ್ದು ನಿಜವೇ ಎಂದು ಕೇಳಿದರು. ನಿಜ ಎಂದೆ. ಹೊಸಿಲ ಮೇಲೆ ಕೈಯೂರಿ, ದನಿ ತಗ್ಗಿಸಿ ಹೇಳಿದರು: “ನಮ್ ಯಜಮಾನ್ರು ತೀರ್ಕಂಡ ವರ್ಸ ನಾನೂ ಆಲೆಮನೆ ಗಾಣಕ್ಕೆ ಕದ್ದು ಅರಿಸ್ನ ಕುಂಕ್ಮ ಇಟ್ಟಿದ್ದೆ ಕಣಮ್ಮ. ನೀರ್ ಮಾತ್ರ ಉಯ್ನಿಲ್ಲ.”