ಏಳನೇ ಕಲ್ಲು ಹೊಳೆ ಹತ್ತಿದ್ದು

ಅಜ್ಜೀ,

ಕಾರ್ಡು ಗೇಣುದ್ದ, ಸುದ್ದಿ ಮಾರುದ್ದ. ಕನ್ನಡಕ ಹಾಕಿಕೊಂಡು ಓದು.

ಹೊಳೆ ಕಲ್ಲುಗಳನ್ನು ಎಷ್ಟು ದೂರ ಉರುಳಿಸುತ್ತದೆಂದು ತಿಳಿಯಲು ಇಪ್ಪತ್ತು ಕಲ್ಲಿಗೆ ಹಳದಿ ಬಣ್ಣ ಬಳಿದು, ನಂಬರ್ ಬರೆದು ನೀರಿಗೆ ಬಿಟ್ಟಿದ್ದೆವು. ಮೀನುಗಳಿಗೆ ಊಟವಾಗುವ ಹುಳುಗಳ ಮನೆ ಕಲ್ಲಿನಡಿಯಲ್ಲೇ. ಕಲ್ಲು ಉರುಳಿದರೆ ಅವುಗಳ ಸಂಸಾರವೂ ಉರುಳಿದಂತೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತೀಯಲ್ಲ, ಹಾಗೆ ಸಿಕ್ಕವೆಲ್ಲ ಕೆಳಗಡೆ ಸಿಕ್ಕರೆ ಏಳನೆಯದು ಮಾತ್ರ ನೂರು ಮಾರು ಮೇಲೆ, ಬಟ್ಟೆ ಒಗೆಯುವ ಮೆಟ್ಟಿಲ ಬಳಿ ಕೂತಿತ್ತು! "ಯಾರೂ ಮುಟ್ಬೇಡಿ" ಎಂದ ನಮ್ಮ ಮೇಷ್ಟ್ರು ಎರಡು ದಿನ ಅದರ ಮುಂದೆ ತಲೆ ಕೆರೆದುಕೊಂಡರು. ಮೂರನೇ ದಿನ ಹೋಗಿ ನೋಡಿದರೆ, ನಮ್ಮ ಬಾಡಿಗೆ ಮನೆಯ ಓನರಮ್ಮ ಅದರಲ್ಲೇ ಹಿಮ್ಮಡಿ ಉಜ್ಜುತ್ತಿದ್ದಾರೆ.

"ಅಯ್ಯೋ, ಅದು ನಮ್ಮ ಕಲ್ಲು!" ಎಂದೆ.

"ಏಳು ಅಂತ ಬರ್ದಿತ್ತಲ್ಲಮ್ಮ, ನನ್ನ ಚಪ್ಪಲಿ ಸೈಜೂ ಏಳೇ!" ಅಂದರು.

ಮೇಷ್ಟ್ರಿಗೆ ಹೇಳಲು ಇನ್ನೂ ಧೈರ್ಯ ಬಂದಿಲ್ಲ.

ನೆಗಡಿ ಇಲ್ಲ, ಹೆದರಬೇಡ. ದಿನವಿಡೀ ನೀರಲ್ಲಿ ನಿಂತು ನನ್ನ ಹಿಮ್ಮಡಿಯೂ ಒಡೆದಿದೆ, ಅಷ್ಟೇ. ನನ್ನ ಸೈಜು ಆರು. ಆರನೇ ಕಲ್ಲು ಇನ್ನೂ ಸಿಕ್ಕಿಲ್ಲ.

ಜಾಗ ಮುಗಿಯಿತು,
ನಿನ್ನ ಕಪ್ಪೆಮರಿ