ಗಂಟೆ ಹೊಡೆದರೂ ಹೊರಡದ ಮನೆ

ಟೀಚರಕ್ಕಾ, ನಮಸ್ಕಾರ.

ನಮ್ಮ ಸಂಜೆ ಕ್ಲಾಸಿನ ವಾರ್ಷಿಕೋತ್ಸವದಲ್ಲಿ ನಾನು "ನಮ್ಮ ಮನೆ" ಭಾಷಣ ಮಾಡಲ್ಲ. ಕೋಪ ಮಾಡ್ಕೋಬೇಡಿ. ಬೇಕಾದ್ರೆ ಹಸುವಿನ ಬಗ್ಗೆ ಮಾತಾಡ್ತೀನಿ.

ಅವತ್ತು ಕ್ಲಾಸಲ್ಲಿ ನಾನು, "ನಮ್ಮ ಮನೆ ತುಂಬ ಕಿಟಕಿ, ಅರ್ಧ ಗೋಡೆ ಹಳದಿ, ಅರ್ಧ ನೀಲಿ, ಗಂಟೆ ಹೊಡೆದರೂ ಹೊರಡಲ್ಲ" ಅಂದಾಗ ನೀವು, "ಎಂಥಾ ಕಲ್ಪನೆ!" ಅಂತ ಚಪ್ಪಾಳೆ ತಟ್ಟಿದ್ರಿ. ನಾನೂ ಉಬ್ಬಿಹೋಗಿ ಸುಮ್ಮನಾಗಿಬಿಟ್ಟೆ. ಅಕ್ಕಾ, ಅದು ಗ್ಯಾರೇಜಿನ ಹಿಂದೆ ಕೆಟ್ಟು ನಿಂತಿರೋ ಬಸ್ಸು. ಅಲ್ಲಿನ ವಾಚ್‌ಮನ್ ಮಾವ ನಮ್ಮನ್ನ ಕದ್ದುಮುಚ್ಚಿ ಅದರಲ್ಲಿ ಇರೋಕೆ ಬಿಟ್ಟಿದ್ದಾರೆ.

ನಿನ್ನೆ ಬೋರ್ಡಿನ ಮೇಲೆ ಮುಖ್ಯ ಅತಿಥಿಗಳ ಫೋಟೋ ನೋಡಿದೆ. ನಮಗೆಲ್ಲ ಪುಸ್ತಕ ಕೊಡಿಸೋ ಅವರೇ ಆ ಗ್ಯಾರೇಜಿನ ಯಜಮಾನರು! ಆ ಹಳದಿ, ನೀಲಿ ಬಣ್ಣ ಹೊಡೆಸಿದ್ದೂ ಅವರೇ. ಗೊತ್ತಾದ್ರೆ ನಮ್ಮ ಜೊತೆ ಮಾವನೂ ಬೀದಿಪಾಲು. ಅಮ್ಮನಿಗೆ ಇನ್ನೂ ಹೇಳಿಲ್ಲ. ಅವಳು ಭಾಷಣಕ್ಕೆ ಅಂತ ನನ್ನ ಫ್ರಾಕ್ ಒಗೆದು ಸ್ಟೇರಿಂಗ್ ಮೇಲೆ ಒಣಹಾಕಿದ್ದಾಳೆ.

ನನ್ನ ಹೆಸರು ತೆಗೆಯೋಕೆ ಆಗೋದೇ ಇಲ್ಲ ಅಂದ್ರೆ, ನಾನು ಮೈಕ್ ಹಿಡಿಯೋ ಮುಂಚೆ, ಇದೆಲ್ಲ ಬರೀ ಕಲ್ಪನೆ ಅಂತ ಗಟ್ಟಿಯಾಗಿ ಹೇಳಿಬಿಡಿ. ತಮ್ಮನನ್ನ ಮಾತ್ರ ಕರ್ಕೊಂಡು ಬರಲ್ಲ. ಅವನಿಗೆ ಕಲ್ಪನೆ ಅಂದ್ರೆ ಏನಂತ ಗೊತ್ತಿಲ್ಲ. "ಅದು ನಮ್ಮನೆ, ನಮ್ಮನೆ" ಅಂತ ಕೂಗಿಬಿಡ್ತಾನೆ.

ಇಂತಿ,
ನೀವೇ ಹೆಸರಿಟ್ಟ ಬಾಯಿಬಡುಕಿ