ಏಳನೇ ತೊಟ್ಟಿಯಲ್ಲಿರುವ ಹೆಸರಿಲ್ಲದ್ದು

೨೪೧೭ನೇ ಇಸವಿ, ಫೆಬ್ರವರಿ ಮೂವತ್ತು

ನಮ್ಮ ಹಿರಿಯರೇ,

ಫೆಬ್ರವರಿಗೆ ಮೂವತ್ತನೆಯ ದಿನ ಎಲ್ಲಿಂದ ಬಂತೆಂದು ನಗಬೇಡಿ. ನಮ್ಮ ಪಂಚಾಂಗ ಬದಲಾಗಿದೆ, ಮಾತೂ ಬದಲಾಗಿದೆ. ನಿಮ್ಮ ಕಾಲದ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ. ಎಲ್ಲಾದರೂ ಒರಟಾಗಿ ಕೇಳಿಸಿದರೆ ಕ್ಷಮಿಸಿ.

ನನ್ನ ಹೆಸರು ಸಿರಿಯಮ್ಮ. ನೀವು ಅಣುವಿದ್ಯುತ್ ತಯಾರಿಸಿದ ಮೇಲೆ ಉಳಿದ ವಿಷದ್ರಾವಣವನ್ನು ಉಕ್ಕಿನ ತೊಟ್ಟಿಗಳಲ್ಲಿ ತುಂಬಿ ಒಂದು ಗುಡ್ಡದೊಳಗೆ ಹೂತಿರಿ. ನಮ್ಮ ಊರು ಆ ಗುಡ್ಡದ ಮೇಲಿದೆ. ಇಲ್ಲಿನ ಮಕ್ಕಳಿಗೆ ನಡೆಯಲು ಬರುವ ಮೊದಲೇ ಕೊರಳಿಗೆ ‘ಮಿಣುಕು’ ಕಟ್ಟುತ್ತೇವೆ. ವಿಕಿರಣ ಹೆಚ್ಚಾದರೆ ಕೆಂಪಗಾಗುವ ಬಿಲ್ಲೆ ಅದು. ಬಾವಿಯಿಂದ ನೀರು ಸೇದಿದವರು ಕೊಡದ ಮೇಲೆ ಮಿಣುಕು ಹಿಡಿದು ನೋಡಿಯೇ ಕುಡಿಯುತ್ತಾರೆ, ಹಬ್ಬದ ದಿನವೂ. ನನ್ನ ಗಂಡ ಓಬಳೇಶನದು ಕುಲುಮೆಯ ಕೆಲಸ. ದ್ರಾವಣವನ್ನು ಕಾಯಿಸಿ, ಗಾಜಿನಲ್ಲಿ ಬೆರೆಸಿ, ಮುಂದೆಂದೂ ಸೋರದಂತೆ ಗಟ್ಟಿ ಮಾಡುತ್ತಾನೆ. ಕಾಯಿಸುವ ಮೊದಲು ಅದರಲ್ಲಿ ಏನೇನಿದೆ ಎಂದು ಹೇಳಬೇಕಾದವಳು ನಾನು.

ನಾವು ಅದನ್ನು ಮುಟ್ಟುವುದಿಲ್ಲ, ಬೆಳಕು ಹಾಯಿಸುತ್ತೇವೆ. ಪ್ರತಿಯೊಂದು ರಾಸಾಯನಿಕವೂ ಆ ಬೆಳಕಿಗೆ ತನ್ನ ಗುರುತು ಹಚ್ಚಿ ಹಿಂದಿರುಗಿಸುತ್ತದೆ. ಆದರೆ ಎಲ್ಲ ಗುರುತುಗಳೂ ಒಟ್ಟಿಗೇ ಬರುತ್ತವೆ, ಮದುವೆ ಮನೆಯ ಗದ್ದಲದ ಹಾಗೆ. ತೊಟ್ಟಿಯ ಬೇರೆ ಬೇರೆ ಆಳದ ಗದ್ದಲಗಳನ್ನು ಹೋಲಿಸಿ ಒಂದೊಂದು ದನಿಯನ್ನೂ ಬಿಡಿಸಿಕೊಳ್ಳುವ ಲೆಕ್ಕಕ್ಕೆ ‘ದನಿಜರಡಿ’ ಎನ್ನುತ್ತೇವೆ. ಗೊತ್ತಿರುವ ದನಿಗಳನ್ನೆಲ್ಲ ತೆಗೆದ ಮೇಲೆ ಏನೂ ಉಳಿಯಬಾರದು.

ಕಳೆದ ವಾರ ಏಳನೇ ತೊಟ್ಟಿ ಸೋರತೊಡಗಿತು. ಜರಡಿ ಹಿಡಿದೆ. ನೈಟ್ರೇಟು, ಸಲ್ಫೇಟು, ಫಾಸ್ಫೇಟು, ಎಲ್ಲವನ್ನೂ ತೆಗೆದೆ. ಒಂದು ದನಿ ಉಳಿಯಿತು. ತಳದ ಕಡೆಗೆ ಹೋದಷ್ಟೂ ಜೋರಾಯಿತು. ನೀವು ಬಿಟ್ಟುಹೋದ ಪಟ್ಟಿಯಲ್ಲಿ ಅದಕ್ಕೆ ಹೆಸರಿರಲಿಲ್ಲ. ಕಾಯಿಸಿದರೆ ಅದು ಏನು ಮಾಡೀತೋ ಯಾರಿಗೂ ತಿಳಿಯದು.

ನಮ್ಮ ಕೆಲಸದ ಮುಖ್ಯಸ್ಥರಾದ ಜಂಬಯ್ಯನವರ ಬಳಿಗೆ ಓಡಿದೆ.

“ಬೆಳಕು ಹಾಯ್ಸೋ ಯಂತ್ರದ್ದೇ ಗಲಾಟೆ ಇರ್ಬೇಕು ಕಣವ್ವ,” ಎಂದರು. “ಸೋರಿದ್ದು ಬಾವಿ ಕಡೀಗೆ ಹೊಂಟೈತೆ. ಇವತ್ತು ಕಾಯಿಸ್ಲೇಬೇಕು.”

“ಯಂತ್ರದ್ದಾಗಿದ್ರೆ ತಳಕ್ಕೆ ಹೋದಂಗೆಲ್ಲ ಯಾಕಣ್ಣ ಜಾಸ್ತಿ ಆಗ್ತೈತೆ? ಕುಲುಮೆ ಹತ್ರ ನನ್ ಗಂಡ ಅವ್ನೆ. ಒಂದ್ ಚಮಚ ಬೇರೆ ಕಾಯ್ಸಿ ನೋಡಾನ, ಅಷ್ಟೇ ಸಾಕು.”

ಅವರು ಕುಲುಮೆ ನಿಲ್ಲಿಸಲು ಹೇಳಿದರು. ಸೀಸದ ಗೋಡೆಯ ಕೋಣೆಯೊಳಗೆ ಯಂತ್ರದ ಕೈಗಳಿಂದ ಒಂದು ಚಮಚ ದ್ರಾವಣ ಕಾಯಿಸಿದೆವು. ಕುದಿ ಬರುವ ಮೊದಲೇ ಸಿಡಿಯಿತು. ಒಂದು ಮೊಳ ದಪ್ಪದ ಕಿಟಕಿಗಾಜಿನ ಉದ್ದಕ್ಕೂ ಬಿರುಕು ಓಡಿತು. ಕುಲುಮೆಯ ಬಾಯಲ್ಲಿ ಅದೇ ದ್ರಾವಣ ನೂರಾರು ಕೊಡದಷ್ಟು ಕಾಯಿಸಲು ಸಿದ್ಧವಾಗಿತ್ತು. ಓಬಳೇಶ ಹೋಗಿ ಕುಲುಮೆಯ ಬಾಯಿ ಮುಚ್ಚಿದ.

ಈಗ ಕಾಯಿಸುವಂತಿಲ್ಲ, ಹಾಗೇ ಬಿಡುವಂತೆಯೂ ಇಲ್ಲ. ಊರವರು ಗಂಟುಮೂಟೆ ಕಟ್ಟಿಕೊಂಡು ಗುಡ್ಡ ಇಳಿಯುತ್ತಿದ್ದಾರೆ. ದ್ರಾವಣವನ್ನು ಖಾಲಿ ತೊಟ್ಟಿಗೆ ಸಾಗಿಸಲು ಓಬಳೇಶ ಕೆಳಗೆ ಹೋಗಿದ್ದಾನೆ.

“ಪಂಪು ಅಲುಗಾಡ್ಸಿದ್ರೂ ಸಿಡೀತೈತಾ, ಸಿರಿ?” ಎಂದು ಹೋಗುವಾಗ ಕೇಳಿದ.

“ಗೊತ್ತಿಲ್ಲ,” ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ತಲೆಯಾಡಿಸಿ ಇಳಿದುಹೋದ.

ಆ ದನಿಯ ಆಕಾರ ನನಗೆ ಬಾಯಿಪಾಠವಾಗಿದೆ. ಆದರೆ ಅದನ್ನು ಶುದ್ಧವಾಗಿ, ಒಂಟಿಯಾಗಿ ಕಂಡವರು ಇಂದು ಯಾರೂ ಇಲ್ಲ. ಹೋಲಿಸಿ ನೋಡಲು ನನ್ನ ಕೈಯಲ್ಲಿ ಏನೂ ಇಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ತೊಟ್ಟಿಗೆ ಏನನ್ನೇ ಸುರಿಯಿರಿ, ಪಾತ್ರೆ ತೊಳೆದ ಸೋಪಿನ ನೀರೇ ಆಗಿರಲಿ, ಸುರಿಯುವ ಮೊದಲು ಒಂದಿಷ್ಟನ್ನು ಬೇರೆ ಸೀಸೆಯಲ್ಲಿ ಭದ್ರವಾಗಿ ಮುಚ್ಚಿ, ಮೇಲೆ ಹೆಸರು ಬರೆದು, ನಮಗಾಗಿ ಇಡಿ. ಪಂಪು ಶುರುವಾಯಿತು, ಅದರ ನಡುಕ ನೆಲದಿಂದ ನನ್ನ ಕಾಲಿಗೆ ಹತ್ತುತ್ತಿದೆ. ಮುಂದೆ ಯಾವಳಾದರೂ ತನ್ನವನಿಗೆ ಹೋಗು ಎಂದೋ ಹೋಗಬೇಡ ಎಂದೋ, ಎರಡರಲ್ಲಿ ಒಂದನ್ನು ತಿಳಿದು ಹೇಳುವಂತಾಗಲಿ.

ನಿಮ್ಮ ಕುಡಿ,
ಸಿರಿಯಮ್ಮ